ವಾನ್ಲೆಸ್ ಡಾಕ್ಟರ್: ಮಿರಜ್‌ನ ಆಸ್ಪತ್ರೆ ಮತ್ತು ಕಣ್ಣಿಗೆ ಕಾಣದ ಕೊಳೆಯ ಲೆಕ್ಕ

ಅರಸಿನ, ಒಣದ್ರಾಕ್ಷಿ ಖರೀದಿಗೆ ಸಾಂಗ್ಲಿಗೆ ಹೋಗುವ ನಮ್ಮ ಕರಾವಳಿಯ ವ್ಯಾಪಾರಿಗಳು ಸಾಂಗ್ಲಿ-ಮಿರಜ್ ನಡುವೆ ವಾನ್ಲೆಸ್‌ವಾಡಿ ಎಂಬ ಹೆಸರು ಕೇಳಿರುತ್ತಾರೆ. ವಾಡಿ ಮರಾಠಿ ಶಬ್ದ. ವಾನ್ಲೆಸ್ ಎಂಬುದು ಕೆನಡಾದಿಂದ ಬಂದ ಒಬ್ಬ ಡಾಕ್ಟರರ ಹೆಸರು. ಅಥಣಿ, ಚಿಕ್ಕೋಡಿ ಕಡೆಯ ಕನ್ನಡಿಗರು ದೊಡ್ಡ ಕಾಯಿಲೆ ಬಂದರೆ ಇಂದಿಗೂ ಮಿರಜ್ ದಾರಿ ಹಿಡಿಯುತ್ತಾರಲ್ಲ, ಆ ರೂಢಿಗೆ ಬುನಾದಿ ಹಾಕಿದವರು ಇವರೇ.

ವಿಲಿಯಂ ಜೇಮ್ಸ್ ವಾನ್ಲೆಸ್ ಹುಟ್ಟಿದ್ದು 1865ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಜೋಸೆಫ್ ಲಿಸ್ಟರ್ ಎಂಬ ಸರ್ಜನ್, ಕಾಲು ಮುರಿದ 11 ವರ್ಷದ ಹುಡುಗನೊಬ್ಬನ ಗಾಯಕ್ಕೆ ಕಾರ್ಬಾಲಿಕ್ ಆಸಿಡ್ ಹಾಕಿ ಪಟ್ಟಿ ಕಟ್ಟಿದರು. ಗಾಯ ಕೊಳೆಯಲಿಲ್ಲ, ಹುಡುಗ ನಡೆದುಕೊಂಡು ಮನೆಗೆ ಹೋದ. ಅದಕ್ಕೂ ಮೊದಲು, 1847ರಲ್ಲಿ, ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ಡಾಕ್ಟರ್ ಎಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕು ಎಂದು ನಿಯಮ ಮಾಡಿದ್ದರು. ಬಾಣಂತಿಯರ ಸಾವು ಗಣನೀಯವಾಗಿ ಇಳಿದಿತ್ತು. ಆದರೂ ಹೆಚ್ಚಿನ ಡಾಕ್ಟರುಗಳು ಒಪ್ಪಿರಲಿಲ್ಲ. ತಮ್ಮ ಕೈಯಿಂದಲೇ ರೋಗ ಹರಡುತ್ತದೆ ಎಂದರೆ ಯಾರಿಗೆ ತಾನೇ ಇಷ್ಟವಾಗ್ತದೆ?

ವಾನ್ಲೆಸ್ ನ್ಯೂಯಾರ್ಕ್‌ನಲ್ಲಿ ಡಾಕ್ಟರಿಕೆ ಓದುವ ಹೊತ್ತಿಗೆ ಕಾಲ ಬದಲಾಗಿತ್ತು. 1889ರಲ್ಲಿ ಪದವಿ ಪಡೆದ ಅವರನ್ನು ಅಮೆರಿಕದ ಪ್ರೆಸ್ಬಿಟೇರಿಯನ್ ಮಿಶನ್ ಭಾರತಕ್ಕೆ ಕಳುಹಿಸಿತು. ಮೊದಲು ಕೆಲಸ ಮಾಡಿದ್ದು ಸಾಂಗ್ಲಿಯಲ್ಲಿ. ಬಳಿಕ ಮಿರಜ್‌ನಲ್ಲಿ ಸಣ್ಣ ದವಾಖಾನೆ ನಡೆಸಿ, 1894ರಲ್ಲಿ ಅಲ್ಲಿಯೇ ಆಸ್ಪತ್ರೆ ತೆರೆದರು. ಮುಚ್ಚಿಡುವುದು ಬೇಡ, ಅವರು ಮಿಶನರಿ. ತಮ್ಮ ಧರ್ಮವನ್ನು ಸಾರುವ ಉದ್ದೇಶವೂ ಅವರಿಗಿತ್ತು. ಆದರೆ ಆಪರೇಷನ್ ಟೇಬಲ್‌ಗೆ ಬಂದವರಲ್ಲಿ ಹಿಂದೂ, ಮುಸ್ಲಿಂ, ಜೈನ ಎಲ್ಲರೂ ಇದ್ದರು. ಖ್ವಾಜಾ ಶಮ್ನಾ ಮೀರಾ ಅವರ ದರ್ಗಾ ಇರುವ ಊರು ಮಿರಜ್. ಹೊರಗಿನಿಂದ ಬಂದವರನ್ನು ತನ್ನವರೆಂದು ಇಟ್ಟುಕೊಳ್ಳುವ ಗುಣ ಆ ಊರಿಗಿದೆ.

1897ರಲ್ಲಿ ಅಲ್ಲಿ ವೈದ್ಯಕೀಯ ಶಾಲೆಯೂ ಶುರುವಾಯಿತು. ಒಬ್ಬ ಡಾಕ್ಟರ್ ಎಷ್ಟು ಜನರನ್ನು ನೋಡಲು ಸಾಧ್ಯ? ಇಲ್ಲಿಯ ಹುಡುಗರಿಗೇ ಕೆಲಸ ಕಲಿಸಿದರೆ ಮಾತ್ರ ಅದು ಉಳಿಯುತ್ತದೆ. ಬಳಿಕ ಕುಷ್ಠರೋಗಿಗಳಿಗೆ ಆಶ್ರಯ, ನಂತರ ವಾನ್ಲೆಸ್‌ವಾಡಿಯಲ್ಲಿ ಕ್ಷಯರೋಗಿಗಳಿಗೆ ಸ್ಯಾನಟೋರಿಯಂ ಬಂತು. ಸಮಾಜ ದೂರ ಇಟ್ಟವರನ್ನು ಮುಟ್ಟಿ ಚಿಕಿತ್ಸೆ ಕೊಡಬೇಕು, ಮುಟ್ಟಿದ ಕೈಯಿಂದ ಇನ್ನೊಬ್ಬರಿಗೆ ರೋಗ ಹೋಗಲೂಬಾರದು. ಇವೆರಡೂ ಒಟ್ಟಿಗೆ ಆಗಬೇಕಾದರೆ ಶುಚಿತ್ವದ ಶಿಸ್ತು ಬೇಕೇ ಬೇಕು.

ಆದರೆ ಶುಚಿ ಮಾಡಿದೆವು ಎನ್ನುವುದು ಬೇರೆ, ಶುಚಿ ಆಗಿದೆಯೇ ಎಂದು ಪರೀಕ್ಷಿಸುವುದು ಬೇರೆ. ಇದನ್ನು ಆ ಕಾಲದ ಪ್ಲೇಗ್ ಎಲ್ಲರಿಗೂ ತೋರಿಸಿತು. 1896ರಲ್ಲಿ ಮುಂಬೈಗೆ ಬಂದ ಪ್ಲೇಗ್ ದಕ್ಷಿಣಕ್ಕೂ ಹಬ್ಬಿತು. ಸರಕಾರದವರು ಮನೆಗಳಿಗೆ ನುಗ್ಗಿ ಗೋಡೆ, ನೆಲಕ್ಕೆಲ್ಲ ಔಷಧದ ನೀರು ಹೊಡೆದರು. ಜನರಿಗೆ ಸಿಟ್ಟು ಬಂತು, ರೋಗ ಮಾತ್ರ ನಿಲ್ಲಲಿಲ್ಲ. ಯಾಕೆಂದರೆ ಅದು ಹರಡುತ್ತಿದ್ದದ್ದು ಇಲಿಯ ಮೈಮೇಲಿನ ಚಿಗಟದಿಂದ. ಫ್ರಾನ್ಸ್‌ನ ಪಾಲ್-ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಅದೇ ವರ್ಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರಿಗೆ ಹಾಫ್‌ಕಿನ್ ಲಸಿಕೆ ಹಾಕಲಾಯಿತು. ಯಾವ ರೋಗ ಯಾವ ದಾರಿಯಲ್ಲಿ ಬರುತ್ತದೆ ಎಂದು ಗೊತ್ತಿಲ್ಲದೆ ಸುಮ್ಮನೆ ತೊಳೆದರೆ ಕಾಸೂ ಹೋಗ್ತದೆ, ಜೀವವೂ ಹೋಗ್ತದೆ.

ಪರೀಕ್ಷೆಯ ಕೆಲಸ ಶುರುವಾದದ್ದು ಪ್ರಯೋಗಾಲಯದಲ್ಲಿ. 1881ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ರೇಷ್ಮೆ ನೂಲಿಗೆ ಆಂಥ್ರಾಕ್ಸ್ ಬೀಜಾಣುಗಳನ್ನು ಅಂಟಿಸಿ ಒಣಗಿಸಿ, ಬೇರೆ ಬೇರೆ ಔಷಧಗಳಲ್ಲಿ ಅದ್ದಿ, ಮತ್ತೆ ಬೆಳೆಯುತ್ತವೆಯೇ ಎಂದು ನೋಡಿದರು. ಎಣ್ಣೆಯಲ್ಲಿ ಬೆರೆಸಿದ ಕಾರ್ಬಾಲಿಕ್ ಕೆಲಸವನ್ನೇ ಮಾಡಲಿಲ್ಲ. ಪಾದರಸದ ದ್ರಾವಣ ಗೆದ್ದ ಹಾಗೆ ಕಂಡಿತು. ಆದರೆ 1889ರಲ್ಲಿ ಗೆಪ್ಪರ್ಟ್ ಎಂಬವರು ಒಂದು ಮೋಸ ಹಿಡಿದರು. ನೂಲಿನಲ್ಲಿ ಉಳಿದ ಪಾದರಸವೇ ಬೀಜಾಣುಗಳನ್ನು ಬೆಳೆಯಲು ಬಿಡುತ್ತಿರಲಿಲ್ಲ, ಅವು ನಿಜವಾಗಿ ಸತ್ತಿರಲಿಲ್ಲ. ಪಾದರಸವನ್ನು ಮೊದಲು ನಿಷ್ಕ್ರಿಯಗೊಳಿಸಿದ ಮೇಲೆ ಅವು ಬೆಳೆದವು. 1903ರಲ್ಲಿ ರಿಡಿಯಲ್ ಮತ್ತು ವಾಕರ್, ಕಾರ್ಬಾಲಿಕ್ ಜೊತೆ ಹೋಲಿಸಿ ಪ್ರತಿ ಔಷಧಕ್ಕೂ ಒಂದು ಅಂಕಿ ಕೊಡುವ ಪದ್ಧತಿ ತಂದರು. ನಮ್ಮ ಅಂಗಡಿಯ ಕಪ್ಪು ಫಿನಾಯಿಲ್‌ಗೆ ದರ್ಜೆ ಕೊಡುವುದೂ ಇದೇ ಅಂಕಿಯಿಂದ.

ಈಗ ಬಾಗಿಲ ಹಿಡಿ, ಬಸ್ಸಿನ ಸರಳು, ಆಸ್ಪತ್ರೆಯ ಮಂಚದ ಅಂಚು, ಯಾವುದನ್ನಾದರೂ ಹೀಗೆ ನೋಡಬಹುದು. ಅಳತೆ ಮಾಡಿದ ಜಾಗವನ್ನು ತೇವದ ಹತ್ತಿ ಕಡ್ಡಿಯಿಂದ ಒರೆಸಿ, ಅಗಾರ್ ತಟ್ಟೆಗೆ ಸವರಿ, 37 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟರೆ ಚುಕ್ಕಿಗಳು ಏಳುತ್ತವೆ. ಒರೆಸುವ ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ಎಣಿಸುವುದು. ಬರೀ ನೀರು, ಸೋಪು, ಬ್ಲೀಚ್, ಸ್ಪಿರಿಟ್ ಎಲ್ಲವನ್ನೂ ಒಂದೇ ಅಳತೆಯಲ್ಲಿ, ಒಂದೇ ಸಮಯ ಇಟ್ಟು ನೋಡಿದರೆ ಮಾತ್ರ ಹೋಲಿಕೆ ನ್ಯಾಯದ್ದಾಗ್ತದೆ.

ಬಾಟಲಿ ಮೇಲೆ ಶೇ. 99.9 ಎಂದು ಬರೆದಿರುತ್ತದೆ. ಕಾಮರ್ಸ್ ಓದಿದವರು ಹೋದದ್ದನ್ನಲ್ಲ, ಬಾಕಿಯನ್ನು ನೋಡಬೇಕು. ಒಂದು ಕೋಟಿ ಬ್ಯಾಕ್ಟೀರಿಯಾ ಇದ್ದಲ್ಲಿ ಶೇ. 99 ಹೋದರೆ ಬಾಕಿ 1 ಲಕ್ಷ. ಶೇ. 99.9 ಹೋದರೆ 10 ಸಾವಿರ. ಶೇ. 99.999 ಹೋದರೆ ಕೇವಲ 100. ಕೇಳಲು ಸ್ವಲ್ಪವೇ ವ್ಯತ್ಯಾಸ, ಬಾಕಿಯಲ್ಲಿ ಹತ್ತು ಪಟ್ಟು, ಸಾವಿರ ಪಟ್ಟು. ಜಿಡ್ಡು, ಮಣ್ಣು ಇದ್ದರೆ ಔಷಧದ ಶಕ್ತಿ ಅದರಲ್ಲೇ ಮುಗಿಯುತ್ತದೆ, ಹಾಗಾಗಿ ಮೊದಲು ಸೋಪಿನಿಂದ ತೊಳೆಯಬೇಕು. ಹಾಕಿದ ಕೂಡಲೇ ಒರೆಸಿ ತೆಗೆದರೂ ಪ್ರಯೋಜನ ಇಲ್ಲ, ಬಾಟಲಿಯಲ್ಲಿ ಹೇಳಿದಷ್ಟು ಹೊತ್ತು ಒದ್ದೆಯಾಗಿಯೇ ಇರಬೇಕು. ಶೇ. 5ರ ಬ್ಲೀಚ್ ಒಂದು ಪಾಲಿಗೆ 49 ಪಾಲು ನೀರು ಸೇರಿಸಿದರೆ ಶೇ. 0.1 ಆಗ್ತದೆ, ಸಾಮಾನ್ಯ ಜಾಗಗಳಿಗೆ ಸಾಕು. ಬ್ಲೀಚ್‌ಗೆ ಬಾತ್‌ರೂಮ್ ಆಸಿಡ್ ಮಾತ್ರ ಬೆರೆಸಬೇಡಿ, ವಿಷಾನಿಲ ಬರ್ತದೆ.

ವುಳೂ ಮಾಡುವ ನಮಗೆ ಶುಚಿತ್ವ ಹೊಸ ಪಾಠ ಅಲ್ಲ, ಮದ್ರಸದಲ್ಲೇ ಕಲಿತದ್ದು. ಆದರೆ ಮಸೀದಿಯ ನಳ್ಳಿಯ ತಿರುಪನ್ನು ತೊಳೆಯುವ ಮೊದಲಿನ ಕೈಯೂ ಮುಟ್ಟುತ್ತದೆ, ತೊಳೆದ ನಂತರದ ಕೈಯೂ ಮುಟ್ಟುತ್ತದೆ. ಅಂಗಡಿಯ ತಕ್ಕಡಿ ತಟ್ಟೆ, ಫ್ರಿಜ್ ಹಿಡಿ, ಮದ್ರಸದ ಬೆಂಚು, ಜಮಾಅತ್‌ನ ಆಂಬ್ಯುಲೆನ್ಸ್‌ನ ಸ್ಟ್ರೆಚರ್ ಕೂಡ ಹಾಗೆಯೇ. ಮುದುಕರು, ಮಕ್ಕಳು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇವನ್ನು ಮುಟ್ಟುತ್ತಾರೆ. ಹೊಳೆಯುವ ನೆಲಕ್ಕಿಂತ ಹೆಚ್ಚು ಕೈ ತಾಗುವ ಜಾಗಕ್ಕೆ ಮೊದಲು ಗಮನ ಕೊಡಬೇಕು.

ವಾನ್ಲೆಸ್‌ರಿಗೆ 1928ರಲ್ಲಿ ಸರ್ ಪದವಿ ಬಂತು. ಸುಮಾರು 40 ವರ್ಷ ಇಲ್ಲಿ ದುಡಿದು ಅಮೆರಿಕಕ್ಕೆ ಮರಳಿದ ಅವರು 1933ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡರು. ಮಿರಜ್‌ನ ಆಸ್ಪತ್ರೆಗೆ ಅವರದ್ದೇ ಹೆಸರು. 1962ರಲ್ಲಿ ಅದೇ ಊರಿನಲ್ಲಿ ಸರಕಾರಿ ಮೆಡಿಕಲ್ ಕಾಲೇಜೂ ಆರಂಭವಾಯಿತು.

ನಮ್ಮ ಜಮಾಅತ್‌ಗಳು ಆಂಬ್ಯುಲೆನ್ಸ್ ಕೊಳ್ಳುತ್ತವೆ, ಮೆಡಿಕಲ್ ಕ್ಯಾಂಪ್ ಮಾಡುತ್ತವೆ, ಒಳ್ಳೆಯದು. ಅದರ ಜೊತೆ ವರ್ಷಕ್ಕೊಮ್ಮೆ ಹತ್ತಿರದ ಲ್ಯಾಬಿನವರನ್ನು ಕರೆದು ನಳ್ಳಿ, ಬಾಗಿಲು, ಸ್ಟ್ರೆಚರ್‌ಗಳ ಹತ್ತಿ ಕಡ್ಡಿ ಪರೀಕ್ಷೆ ಮಾಡಿಸಿ, ವರದಿಯನ್ನು ನೋಟಿಸ್ ಬೋರ್ಡಿನಲ್ಲಿ ಹಾಕಲಿ. ವರ್ಷದ ಜಮಾ-ಖರ್ಚು ಹಾಕುವ ಜಾಗದಲ್ಲೇ ಹಾಕಿದರೆ ಸಾಕು, ಎಲ್ಲರೂ ಓದುತ್ತಾರೆ.