ಕ್ರಿಯಾಪದವಾದ ಕ್ಯಾಪ್ಟನ್

ತನ್ನ ಹೆಸರು ಭಾಷೆಯಲ್ಲಿ ಉಳಿಯಬೇಕೆಂದು ಬಯಸದವರು ವಿರಳ. ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟನಿಗೆ ಮಾತ್ರ ಆ ಭಾಗ್ಯವೇ ಶಾಪವಾಯಿತು. ಅವನು ಬದುಕಿರುವಾಗಲೇ ಅವನ ಹೆಸರು ಇಂಗ್ಲಿಷಿನ ಕ್ರಿಯಾಪದವಾಯಿತು.

ಬಾಯ್ಕಾಟನು 1832ರಲ್ಲಿ ಇಂಗ್ಲೆಂಡಿನ ನಾರ್ಫೋಕಿನಲ್ಲಿ ಪಾದ್ರಿಯೊಬ್ಬನ ಮಗನಾಗಿ ಜನಿಸಿದನು. ಕೆಲಕಾಲ ಸೈನ್ಯದಲ್ಲಿದ್ದು, ಬಳಿಕ ಐರ್ಲೆಂಡಿನಲ್ಲಿ ನೆಲಸಿ, ಮೇಯೋ ಪ್ರಾಂತದಲ್ಲಿ ಅರ್ನ್ ಪ್ರಭುವಿನ ಜಮೀನಿಗೆ ಪಾರುಪತ್ಯಗಾರನಾದನು. ಗೇಣಿ ವಸೂಲು ಮಾಡುವುದೂ ಕೊಡದವರನ್ನು ಒಕ್ಕಲೆಬ್ಬಿಸುವುದೂ ಅವನ ಕೆಲಸವಾಗಿತ್ತು.

1879ರಲ್ಲಿ ಅಲ್ಲಿ ಬೆಳೆ ಕೆಟ್ಟಿತು. ಮರುವರ್ಷ ಒಕ್ಕಲುಗಳು ಗೇಣಿಯಲ್ಲಿ ನೂರಕ್ಕೆ 25 ಇಳಿಸಬೇಕೆಂದು ಕೇಳಿದರು. ಧಣಿ ಒಪ್ಪಿದ್ದು 10 ಮಾತ್ರ. ಅದೇ ಸೆಪ್ಟೆಂಬರಿನಲ್ಲಿ ಐರಿಷ್ ನಾಯಕ ಪಾರ್ನೆಲ್, ಒಕ್ಕಲೆಬ್ಬಿಸಿದ ನೆಲವನ್ನು ಹಿಡಿಯುವವನೊಡನೆ ಯಾರೂ ವ್ಯವಹರಿಸಬಾರದೆಂದು ಬೋಧಿಸಿದ್ದನು. ಬಾಯ್ಕಾಟನು ನೋಟೀಸು ಹೊರಡಿಸಿದಾಗ ಜನರು ಆ ಉಪಾಯವನ್ನು ಅವನ ಮೇಲೆಯೇ ಪ್ರಯೋಗಿಸಿದರು. ಆಳುಗಳು ಹೊಲ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಬೆಳೆ ಕೊಯ್ಯಲು ಅಲ್‌ಸ್ಟರಿನಿಂದ ಸುಮಾರು 50 ಮಂದಿ ಬರಬೇಕಾಯಿತು. ಅವರ ಕಾವಲಿಗೆ ಸುಮಾರು ಸಾವಿರ ಸಿಪಾಯಿಗಳು! ಸುಮಾರು 500 ಪೌಂಡಿನ ಬೆಳೆಗೆ 10,000 ಪೌಂಡು ವೆಚ್ಚವಾಯಿತೆಂದು ಅಂದಾಜು. ನವೆಂಬರಿನ ಕೊನೆಗೆ ಬಾಯ್ಕಾಟನು ಊರು ಬಿಟ್ಟನು.

ಈ ಕ್ರಮಕ್ಕೆ ಹೆಸರು ಬೇಕಾಗಿತ್ತು. ಗ್ರೀಕ್ ಮೂಲದ ಆಸ್ಟ್ರಸೈಜ್ ಎಂಬ ಪದ ರೈತರ ನಾಲಗೆಗೆ ಹೊರಳದೆಂದು ಭಾವಿಸಿ ಪಾದ್ರಿ ಜಾನ್ ಓಮ್ಯಾಲಿ ಕ್ಯಾಪ್ಟನನ ಹೆಸರನ್ನೇ ಸೂಚಿಸಿದನೆಂದು ಅಮೆರಿಕದ ಪತ್ರಕರ್ತ ರೆಡ್‌ಪಾತ್ ಬರೆದಿಟ್ಟಿದ್ದಾನೆ. ಅದೇ ವರ್ಷ ಪದವು ಪತ್ರಿಕೆಗಳಿಗೆ ಏರಿತು. ಬೇಗನೆ ಫ್ರೆಂಚ್, ಜರ್ಮನ್ ಭಾಷೆಗಳಿಗೂ ಹಬ್ಬಿತು. ವ್ಯಕ್ತಿ, ಅಂಗಡಿ, ಸರಕು, ಸಭೆ, ಚುನಾವಣೆ, ಇವೆಲ್ಲವೂ ಅದಕ್ಕೆ ಕರ್ಮಪದವಾಗಬಲ್ಲವು. ಸುಮ್ಮನೆ ಬಿಡುವುದು ಬಾಯ್ಕಾಟ್ ಅಲ್ಲ. ಪ್ರತಿಭಟಿಸಿ, ಸಾಮಾನ್ಯವಾಗಿ ಹಲವರು ಕೂಡಿ, ಸಂಬಂಧ ಕಡಿಯುವುದೇ ಅದರ ತಿರುಳು. 1905ರಲ್ಲಿ ಕಲ್ಕತ್ತೆಯ ಸ್ವದೇಶೀ ಚಳವಳಿ ವಿದೇಶೀ ಸರಕಿನ ಮೇಲೆ ಹೂಡಿದ್ದೂ ಇದನ್ನೇ.

ಕನ್ನಡದಲ್ಲಿ ಇದನ್ನು ಬಹಿಷ್ಕಾರವೆನ್ನುತ್ತೇವೆ. ಆದರೆ ನಮ್ಮ ಹಳ್ಳಿಗಳಲ್ಲಿ ಬಹಿಷ್ಕಾರವೆಂದರೆ ಬಲವುಳ್ಳ ಹಲವರು ನಿರ್ಬಲನೊಬ್ಬನಿಗೆ ನೀರು ಬೆಂಕಿ ನಿಲ್ಲಿಸಿದ್ದೂ ಉಂಟು. ಮೇಯೋದ ಬಡವರು ಆಯುಧವಿಲ್ಲದೆ ಬಲಿಷ್ಠನನ್ನು ಎದುರಿಸಿದರು. ಕ್ರಿಯಾಪದ ಒಂದೇ, ಕರ್ತೃ ಯಾರು, ಕರ್ಮ ಯಾರು ಎಂಬುದರಿಂದ ನ್ಯಾಯಾನ್ಯಾಯ ಬೇರೆಯಾಗುತ್ತದೆ. ಅದನ್ನು ಬಳಸುವ ಮೊದಲು ನಾವು ಈ ವ್ಯಾಕರಣವನ್ನು ನೋಡಿಕೊಳ್ಳುವುದು ಒಳ್ಳೆಯದು.

ಬಾಯ್ಕಾಟನು 1897ರಲ್ಲಿ ಇಂಗ್ಲೆಂಡಿನ ಸಫೋಕಿನಲ್ಲಿ ತೀರಿಕೊಂಡನು. ಅಷ್ಟರಲ್ಲಿ ಅವನ ಹೆಸರು ಅವನದಾಗಿ ಉಳಿದಿರಲಿಲ್ಲ.