ನಮ್ಮ ಟರ್ಮಿನಲ್ ಹಿಂದಿರುವ ಡೆನ್ನಿಸ್ ರಿಚಿ

ನಾವು ಮೂವರೂ ಭದ್ರಾವತಿಯ ನ್ಯೂ ಟೌನ್‌ನವರು. ಸೆಮಿಸ್ಟರ್ ರಜೆಯಲ್ಲಿ ನಮ್ಮಲ್ಲೊಬ್ಬನ ಕ್ವಾರ್ಟರ್ಸ್‌ನಲ್ಲಿ ಕೂತು, ಅವನ ಅಣ್ಣ ಬಿಟ್ಟುಕೊಟ್ಟಿದ್ದ 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದ್ವಿ. ಟರ್ಮಿನಲ್ ಚೆನ್ನಾಗಿ ಕಾಣಲಿ ಅಂತ ನೆಟ್‌ನಲ್ಲಿ ಸಿಕ್ಕಿದ ಯಾರದ್ದೋ ಡಾಟ್ ಬ್ಯಾಶ್‌ಆರ್‌ಸಿ ಫೈಲನ್ನು ಓದದೇ ಕಾಪಿ ಮಾಡಿದ್ವಿ. ಬಣ್ಣ ಏನೋ ಬಂತು. ಆದ್ರೆ ಎಲ್‌ಎಸ್ ಅಂತ ಟೈಪ್ ಮಾಡಿದ್ರೆ ಅಂಥ ಕಮಾಂಡೇ ಇಲ್ಲ ಅಂತು!

ಗಾಬರಿಯಾಗಿ ಹುಡುಕಿದಾಗ ಗೊತ್ತಾಯ್ತು: ಆ ಫೈಲಿನ ಒಂದು ಸಾಲು ಪಾತ್ ಅನ್ನೋ ಪಟ್ಟಿಯನ್ನೇ ಕೆಡಿಸಿತ್ತು. ಕಮಾಂಡ್‌ಗಳು ಡಿಸ್ಕ್‌ನಲ್ಲಿ ಇದ್ದ ಜಾಗದಲ್ಲೇ ಇದ್ವು, ಅವನ್ನ ಎಲ್ಲಿ ಹುಡುಕಬೇಕು ಅನ್ನೋದು ಮಾತ್ರ ಶೆಲ್‌ಗೆ ಗೊತ್ತಿರಲಿಲ್ಲ. ಸಿಪಿ ಕಮಾಂಡ್ ಇರುವ ಜಾಗದ ಪೂರ್ತಿ ವಿಳಾಸ ಟೈಪ್ ಮಾಡಿ ಮೂಲ ಫೈಲನ್ನು ವಾಪಸ್ ತಂದ್ವಿ. ನಾವು ಇಷ್ಟೆಲ್ಲಾ ಕೆಡಿಸಿದ್ರೂ ಕಂಪ್ಯೂಟರ್‌ಗೆ ಏನೂ ಆಗಲಿಲ್ಲ. ಹೀಗೆ ಯಾರು, ಯಾಕೆ ಕಟ್ಟಿದ್ರು ಅಂತ ಓದ್ತಾ ಹೋದಾಗ ಸಿಕ್ಕಿದ ಹೆಸರು ಡೆನ್ನಿಸ್ ರಿಚಿ. ಮೊದಲ ಸೆಮ್‌ನಲ್ಲಿ ಸಿ ಪುಸ್ತಕದ ಮುಖಪುಟದಲ್ಲಿ ನೋಡಿ ಮರೆತ ಅದೇ ಹೆಸರು.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಅಲಿಸ್ಟೇರ್ ರಿಚಿ ಬೆಲ್ ಲ್ಯಾಬ್ಸ್‌ನ ವಿಜ್ಞಾನಿ. ಮಗ ಹಾರ್ವರ್ಡ್‌ನಲ್ಲಿ ಓದಿದ್ದು ಫಿಸಿಕ್ಸ್, ಆಮೇಲೆ ಗಣಿತ. ಅಲ್ಲೇ ಪಿಎಚ್‌ಡಿ ಪ್ರಬಂಧವನ್ನೂ ಬರೆದರು, ಆದ್ರೆ ಡಿಗ್ರಿ ಮಾತ್ರ ಕೊನೆವರೆಗೂ ಕೈಗೆ ಬರಲಿಲ್ಲ. ಬ್ಯಾಕ್‌ಲಾಗ್ ಚಿಂತೆಯಲ್ಲಿರೋ ನಮಗೆ ಇದನ್ನ ಓದಿ ಸ್ವಲ್ಪ ಸಮಾಧಾನ ಆಯ್ತು ಅಂದ್ರೆ ಸುಳ್ಳಲ್ಲ. 1967ರಲ್ಲಿ ಅವರೂ ತಂದೆಯ ಹಾಗೆ ಬೆಲ್ ಲ್ಯಾಬ್ಸ್ ಸೇರಿದರು.

ಆಗ ಅಲ್ಲಿ ಮಲ್ಟಿಕ್ಸ್ ಅನ್ನೋ ದೊಡ್ಡ ಆಪರೇಟಿಂಗ್ ಸಿಸ್ಟಮ್‌ನ ಕೆಲಸ ನಡೀತಿತ್ತು. ಅದು ತಡವಾಗ್ತಾ ಹೋಗಿ, 1969ರಲ್ಲಿ ಬೆಲ್ ಲ್ಯಾಬ್ಸ್ ಆ ಯೋಜನೆಯನ್ನು ಕೈಬಿಟ್ಟಿತು. ರಿಚಿಯ ಜೊತೆಗಾರ ಕೆನ್ ಥಾಂಪ್ಸನ್, ಹೆಚ್ಚು ಯಾರೂ ಬಳಸದೆ ಬಿದ್ದಿದ್ದ ಪಿಡಿಪಿ-7 ಅನ್ನೋ ಚಿಕ್ಕ ಮೆಷಿನ್ ಹಿಡ್ಕೊಂಡು ಹೊಸ ಸಿಸ್ಟಮ್ ಶುರು ಮಾಡಿದರು. ರಿಚಿ ಜೊತೆಯಾದರು. ಅದೇ ಯುನಿಕ್ಸ್.

ಮುಂದಿನ ಮೆಷಿನ್ ಪಿಡಿಪಿ-11ಕ್ಕೆ ದುಡ್ಡು ಸಿಕ್ಕಿದ್ದು ಆಪರೇಟಿಂಗ್ ಸಿಸ್ಟಮ್ ಹೆಸರಲ್ಲಿ ಅಲ್ಲ. ಪತ್ರ, ದಾಖಲೆ ಟೈಪ್ ಮಾಡೋ ವ್ಯವಸ್ಥೆ ಮಾಡಿಕೊಡ್ತೀವಿ ಅಂತ ಒಪ್ಪಿಸಿ ತಗೊಂಡಿದ್ದು. 1971ರಲ್ಲಿ ಅದರ ಮೇಲೆ ಪೇಟೆಂಟ್ ವಿಭಾಗದ ಮೂವರು ಟೈಪಿಸ್ಟ್‌ಗಳು ಅರ್ಜಿ ಟೈಪ್ ಮಾಡ್ತಿದ್ರು. ಮೆಷಿನ್‌ನ ಒಟ್ಟು ಮೆಮೊರಿ 24 ಕಿಲೋಬೈಟ್. ನಮ್ಮ 4 ಜಿಬಿ ಬಗ್ಗೆ ಗೊಣಗೋದನ್ನ ಅವತ್ತೇ ನಿಲ್ಲಿಸಿದ್ವಿ.

ಆಗಿನ ಟರ್ಮಿನಲ್‌ಗೆ ಸ್ಕ್ರೀನ್ ಇರಲಿಲ್ಲ. ಟೆಲಿಟೈಪ್ ಅನ್ನೋ ಟೈಪ್‌ರೈಟರ್‌ನಂಥ ಯಂತ್ರ ಕಾಗದದ ಮೇಲೆ ಸೆಕೆಂಡಿಗೆ 10 ಅಕ್ಷರ ಅಚ್ಚು ಹಾಕ್ತಿತ್ತು. ಇವತ್ತಿಗೂ ಲಿನಕ್ಸ್‌ನಲ್ಲಿ ಕಾಣೋ ಟಿಟಿವೈ ಅನ್ನೋದು ಅದರದ್ದೇ ಹೆಸರು. ಅಷ್ಟು ನಿಧಾನದ ಯಂತ್ರದಲ್ಲಿ ಎಲ್‌ಎಸ್, ಸಿಪಿ, ಎಂವಿ ಅಂತ ಎರಡಕ್ಷರದ ಕಮಾಂಡ್‌ಗಳು ಎಷ್ಟು ಅನುಕೂಲ ಅಂತ ಬೇರೆ ಹೇಳಬೇಕಿಲ್ಲ.

ಥಾಂಪ್ಸನ್ ಮಾಡಿದ್ದ ಬಿ ಭಾಷೆಗೆ ರಿಚಿ ಟೈಪ್‌ಗಳನ್ನು ಸೇರಿಸಿ, ತಿದ್ದಿ ಬೆಳೆಸಿ ಸಿ ಭಾಷೆ ಮಾಡಿದರು. 1973ರಲ್ಲಿ ಯುನಿಕ್ಸ್ ಕರ್ನಲ್ಲನ್ನೇ ಸಿ ಭಾಷೆಯಲ್ಲಿ ಮತ್ತೆ ಬರೆದರು. ಇದರಿಂದ ಮುಂದೆ ಅದನ್ನು ಬೇರೆ ಬೇರೆ ಕಂಪನಿಗಳ ಮೆಷಿನ್‌ಗೆ ಒಯ್ಯೋದು ಸುಲಭವಾಯ್ತು. 1978ರಲ್ಲಿ ಬ್ರಯಾನ್ ಕರ್ನಿಹಾನ್ ಜೊತೆ ಸೇರಿ ಸಿ ಪುಸ್ತಕ ಬರೆದರು.

ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ರಿಚಿ ಮತ್ತು ಥಾಂಪ್ಸನ್ 1974ರಲ್ಲಿ ಪ್ರಕಟಿಸಿದ ಯುನಿಕ್ಸ್ ಪೇಪರ್‌ನಲ್ಲಿ. ಅವರ ಸಿಸ್ಟಮ್‌ನಲ್ಲಿ ಶೆಲ್ ಅನ್ನೋದು ಕರ್ನಲ್‌ನ ಭಾಗವೇ ಅಲ್ಲ, ನಾವು ಬರೆಯೋ ಪ್ರೋಗ್ರಾಮ್‌ಗಳ ಹಾಗೆ ಅದೂ ಒಂದು ಪ್ರೋಗ್ರಾಮ್. ಲಾಗಿನ್ ಆದ ಮೇಲೆ ಯಾವ ಪ್ರೋಗ್ರಾಮ್ ಶುರುವಾಗಬೇಕು ಅಂತ ಪಾಸ್‌ವರ್ಡ್ ಫೈಲ್‌ನಲ್ಲಿ ಬರೆದರೆ ಸಾಕು. ಟೈಪಿಂಗ್ ಕೆಲಸದವರಿಗೆ ನೇರವಾಗಿ ಎಡಿಟರ್ ತೆರೆದುಕೊಳ್ಳೋ ಹಾಗೆ ಮಾಡಬಹುದಿತ್ತು, ಆಟ ಆಡೋರಿಗೆ ಆಟವೇ ತೆರೆದುಕೊಳ್ಳೋ ಹಾಗೂ ಮಾಡಬಹುದಿತ್ತು. ಶೆಲ್ ಬದಲಾಯಿಸೋದಕ್ಕೆ ಕರ್ನಲ್ ಮುಟ್ಟಬೇಕಾಗಿರಲಿಲ್ಲ. ಅದಕ್ಕೇ ಆಮೇಲೆ ಬೇರೆಯವರು ಹೊಸ ಹೊಸ ಶೆಲ್ ಬರೆಯೋಕೆ ಆಗಿದ್ದು. 1979ರಲ್ಲಿ ಸ್ಟೀಫನ್ ಬೋರ್ನ್ ಅವರ ಶೆಲ್ ಬಂತು, 1989ರಲ್ಲಿ ಬ್ರಯಾನ್ ಫಾಕ್ಸ್ ಅವರ ಬ್ಯಾಶ್ ಬಂತು. ನಾವು ಅವತ್ತು ಕೆಡಿಸಿದ್ದು ಬ್ಯಾಶ್‌ನ ಒಂದು ಸೆಟ್ಟಿಂಗನ್ನ ಮಾತ್ರ, ಸಿಸ್ಟಮ್ ಅಲ್ಲ.

1983ರಲ್ಲಿ ಇಬ್ಬರಿಗೂ ಸೇರಿ ಟ್ಯೂರಿಂಗ್ ಪ್ರಶಸ್ತಿ ಬಂತು. ರಿಚಿ ಬೆಲ್ ಲ್ಯಾಬ್ಸ್ ಬಿಟ್ಟು ಹೋಗಲಿಲ್ಲ. ಡಿಎಂಆರ್ ಅನ್ನೋ ತಮ್ಮ ಲಾಗಿನ್ ಹೆಸರಿನಿಂದಲೇ ಹೆಸರಾಗಿದ್ದ ಅವರು 2007ರಲ್ಲಿ ನಿವೃತ್ತರಾದರು. 2011ರ ಅಕ್ಟೋಬರ್ 5ರಂದು ಸ್ಟೀವ್ ಜಾಬ್ಸ್ ತೀರಿಕೊಂಡಾಗ ಇಡೀ ಜಗತ್ತೇ ಮಾತಾಡ್ತು. ಒಂದು ವಾರದ ನಂತರ, ಅಕ್ಟೋಬರ್ 12ರಂದು, ಒಂಟಿಯಾಗಿ ವಾಸವಿದ್ದ ರಿಚಿ ನ್ಯೂಜೆರ್ಸಿಯ ತಮ್ಮ ಮನೆಯಲ್ಲಿ ಸತ್ತಿರೋದು ತಿಳಿದುಬಂತು. ಆ ಸುದ್ದಿ ಅಷ್ಟಾಗಿ ಯಾರಿಗೂ ಮುಟ್ಟಲಿಲ್ಲ. ಐಫೋನ್ ಒಳಗೂ ಇರೋದು ಯುನಿಕ್ಸ್ ವಂಶದ ಸಿಸ್ಟಮ್ಮೇ.

ನಮ್ಮಲ್ಲೊಬ್ಬನ ಅಜ್ಜ, 1923ರಲ್ಲಿ ಶುರುವಾದ ನಮ್ಮೂರ ಕಬ್ಬಿಣದ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಲೇತ್‌ಗೆ ಹಾಕೋ ಟೂಲನ್ನ ತಾವೇ ಗ್ರೈಂಡ್ ಮಾಡ್ಕೊಳ್ತಿದ್ರಂತೆ. ಬೇರೆಯವರು ಮಾಡಿಟ್ಟ ಟೂಲ್ ತಮ್ಮ ಕೈಗೆ ಹೊಂದಲ್ಲ ಅನ್ನೋರು. ನಮ್ಮ ಕಥೆ ಕೇಳಿ ಅವರು ಕೇಳಿದ್ದು ಒಂದೇ, ಆ ಫೈಲ್ ಬರೆದೋನು ನಿಮ್ಮ ಕೆಲಸ ನೋಡಿ ಬರೆದಿದ್ನೇನೋ ಅಂತ. ನಮ್ಮ ಹತ್ರ ಉತ್ತರ ಇರಲಿಲ್ಲ.

ಈಗ ನಮ್ಮ ಡಾಟ್ ಬ್ಯಾಶ್‌ಆರ್‌ಸಿಯಲ್ಲಿ ನಾವೇ ಸೇರಿಸಿದ್ದು ಹನ್ನೊಂದು ಸಾಲು. ಪಾತ್‌ಗೆ ನಮ್ಮ ಫೋಲ್ಡರ್ ಸೇರಿಸೋದು, ಸಿ ಪ್ರೋಗ್ರಾಮ್ ಕಂಪೈಲ್ ಮಾಡೋದಕ್ಕೆ ಒಂದು ಅಲಿಯಾಸ್, ಪ್ರಾಂಪ್ಟ್‌ನಲ್ಲಿ ಕನ್ನಡದಲ್ಲಿ ಊರಿನ ಹೆಸರು. ಭದ್ರಾವತಿಯ ದ್ರ ಒತ್ತು ಮಾತ್ರ ಇನ್ನೂ ಸರಿಯಾಗಿ ಕೂರ್ತಿಲ್ಲ, ಟರ್ಮಿನಲ್ ಅಕ್ಷರಗಳನ್ನ ಒಂದೊಂದೇ ಚೌಕದಲ್ಲಿ ಕೂರಿಸೋಕೆ ಹೋಗುತ್ತೆ. ಅದನ್ನ ಸರಿ ಮಾಡೋದು ಮುಂದಿನ ರಜೆಯ ಕೆಲಸ. ನೀವೂ ನಿಮ್ಮ ಫೈಲನ್ನ ಒಮ್ಮೆ ತೆರೆದು ಓದಿ. ಮುಟ್ಟೋ ಮೊದಲು ಒಂದು ಕಾಪಿ ಇಟ್ಕೊಳ್ಳೋದು ಮರೀಬೇಡಿ!