ಗ್ರಂಥಸೂಚಿಗೆ ಬಾಳು ತೆತ್ತ ವೈದ್ಯ: ಜಾನ್ ಶಾ ಬಿಲ್ಲಿಂಗ್ಸ್

ಅಪಸ್ಮಾರಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಎಷ್ಟು ಮಂದಿ ಗುಣಹೊಂದಿದರು, ಎಷ್ಟು ಮಂದಿ ಮಡಿದರು? ಸಿನ್ಸಿನಾಟಿಯ ಓಹಾಯೋ ವೈದ್ಯಕೀಯ ಕಾಲೇಜಿನಲ್ಲಿ 1860ರಲ್ಲಿ ಪದವಿ ಪಡೆದ ಜಾನ್ ಶಾ ಬಿಲ್ಲಿಂಗ್ಸರು ತಮ್ಮ ಪ್ರೌಢಪ್ರಬಂಧಕ್ಕಾಗಿ ಹುಡುಕಹೊರಟ ಉತ್ತರವಿದು. ತಿಂಗಳುಗಟ್ಟಲೆ ಗ್ರಂಥಾಲಯಗಳನ್ನು ಅಲೆದರೂ ಅವರಿಗೆ ಬೇಕಾದುದೆಲ್ಲವೂ ಸಿಗಲಿಲ್ಲ. ಲೇಖನಗಳ ಶೀರ್ಷಿಕೆಗೂ ಒಳಗಿನ ವಿಷಯಕ್ಕೂ ಎಷ್ಟೋ ಸಲ ಸಂಬಂಧವಿರುವುದಿಲ್ಲವೆಂಬುದನ್ನೂ, ಬೇಕಾದ ಸಂಪುಟಗಳನ್ನೆಲ್ಲ ಹೊಂದಿದ ವೈದ್ಯಕೀಯ ಗ್ರಂಥಾಲಯ ಇಡೀ ಅಮೆರಿಕದಲ್ಲಿ ಒಂದೂ ಇಲ್ಲವೆಂಬುದನ್ನೂ ಅವರು ಆಗಲೇ ಕಂಡುಕೊಂಡರು. ಹಳೆಯ ಪತ್ರಿಕೆಗಳ ಕಟ್ಟುಗಳನ್ನು ಮಗುಚಿ ಒಂದು ಲೇಖನಕ್ಕಾಗಿ ಪರದಾಡಿದ ನಮ್ಮ ಸಂಶೋಧನ ವಿದ್ಯಾರ್ಥಿಗಳಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಬಿಲ್ಲಿಂಗ್ಸರು ಇಂಡಿಯಾನಾ ಪ್ರಾಂತದಲ್ಲಿ 1838ರ ಏಪ್ರಿಲ್ 12ರಂದು ಜನಿಸಿದರು. ಅಂತರ್ಯುದ್ಧದಲ್ಲಿ ಸೇನಾವೈದ್ಯರಾಗಿ ಚಾನ್ಸೆಲರ್ಸ್‌ವಿಲ್, ಗೆಟ್ಟಿಸ್‌ಬರ್ಗ್ ರಣರಂಗಗಳಲ್ಲಿ ಗಾಯಾಳುಗಳ ಸೇವೆ ಮಾಡಿ, ಬಳಿಕ ವಾಷಿಂಗ್ಟನ್ನಿನ ಸೇನಾ ವೈದ್ಯಾಧಿಕಾರಿಯ ಕಚೇರಿಗೆ ಬಂದರು. ಅಲ್ಲಿದ್ದ ಸಣ್ಣ ಪುಸ್ತಕಸಂಗ್ರಹದ ಹೊಣೆ ಅವರ ಪಾಲಿಗೆ ಬಂದಿತು. ಯುದ್ಧಕಾಲದ ಆಸ್ಪತ್ರೆಗಳಲ್ಲಿ ಉಳಿದಿದ್ದ ಸುಮಾರು 80,000 ಡಾಲರ್ ಹಣವೂ ಆ ಸಂಗ್ರಹಕ್ಕೆ ಒದಗಿತು. ಲಿಂಕನ್ನರು ಗುಂಡೇಟಿಗೆ ಗುರಿಯಾದ ಫೋರ್ಡ್ ನಾಟಕಶಾಲೆಯೇ ಕೆಲಕಾಲ ಆ ಗ್ರಂಥಾಲಯಕ್ಕೆ ಮನೆಯಾಗಿದ್ದಿತು. ಅವರು 1895ರಲ್ಲಿ ಸೇನೆಯಿಂದ ನಿವೃತ್ತರಾದಾಗ ಅಲ್ಲಿನ ಸಂಪುಟಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿತ್ತು.

ಆದರೆ ಪುಸ್ತಕಗಳನ್ನು ಕೂಡಿಹಾಕುವುದು ಸುಲಭದ ಭಾಗ. ವೈದ್ಯವಿದ್ಯೆಯ ಹೊಸ ಅರಿವು ಅಡಗಿರುವುದು ನಿಯತಕಾಲಿಕೆಗಳಲ್ಲಿ. ಬಿಲ್ಲಿಂಗ್ಸರು ಸಂಜೆ ಪತ್ರಿಕೆಗಳ ರಾಶಿಯನ್ನು ಮನೆಗೆ ಒಯ್ದು, ಸೂಚಿಗೆ ಸೇರಬೇಕಾದ ಲೇಖನಗಳಿಗೆ ಗುರುತು ಹಾಕುತ್ತಿದ್ದರು. ಗುಮಾಸ್ತರು ಅವನ್ನು ಚೀಟಿಗಳಿಗೆ ಇಳಿಸುತ್ತಿದ್ದರು. ಲೇಖನವು ಯಾವ ರೋಗವನ್ನು, ಯಾವ ಅಂಗವನ್ನು ಕುರಿತದ್ದೋ ಆ ವಿಷಯದ ಕೆಳಗೆ ಅದಕ್ಕೆ ಸ್ಥಾನ. ಶೀರ್ಷಿಕೆಯ ಮಾತನ್ನೇ ನಂಬಿ ಕೆಟ್ಟ ತರುಣನು ಕಲಿತ ಪಾಠ ಇಲ್ಲಿ ಫಲಿಸಿತು. ಹೀಗೆ ಸಿದ್ಧವಾದ ಬೃಹತ್ ಸೂಚೀಗ್ರಂಥದ ಮೊದಲ ಶ್ರೇಣಿಯ 16 ಸಂಪುಟಗಳು 1880ರಿಂದ 1895ರವರೆಗೆ ಹೊರಬಂದವು. ವರ್ಣಮಾಲೆಯ ಕೊನೆಯನ್ನು ತಲಪುವಷ್ಟರಲ್ಲಿ ಮೊದಲ ಸಂಪುಟ ಹಳತಾಗುವುದಷ್ಟೆ! ಇದನ್ನರಿತೇ ಅವರು ರಾಬರ್ಟ್ ಫ್ಲೆಚರರ ಜೊತೆಗೂಡಿ 1879ರಲ್ಲಿ ‘ಇಂಡೆಕ್ಸ್ ಮೆಡಿಕಸ್’ ಎಂಬ ಮಾಸಿಕ ಸೂಚಿಯನ್ನು ಆರಂಭಿಸಿದ್ದರು. ಅದಕ್ಕೆ ಚಂದಾದಾರರು ಸಾಲದಾದರು. 1899ರಲ್ಲಿ ಅದು ನಿಂತೇಹೋಯಿತು. ಕಾರ್ನೆಗಿ ಸಂಸ್ಥೆಯ ನೆರವಿನಿಂದ 1903ರಲ್ಲಿ ಮರುಜೀವ ಪಡೆಯಿತು.

ಅವರ ಇತರ ಸಾಧನೆಗಳೂ ಸಣ್ಣವಲ್ಲ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ವಿನ್ಯಾಸ ಅವರದು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ನಿರ್ದೇಶಕರೂ ಅವರೇ. ಜನಗಣತಿಯ ಲೆಕ್ಕವನ್ನು ಯಂತ್ರದಿಂದ ಮಾಡಿಸಬಹುದೆಂದು ಹರ್ಮನ್ ಹೊಲೆರಿತ್‌ಗೆ ಸೂಚಿಸಿದವರಲ್ಲಿಯೂ ಅವರ ಹೆಸರಿದೆ. ಹೊಲೆರಿತ್ ನಿರ್ಮಿಸಿದ ರಂಧ್ರಪತ್ರದ ಯಂತ್ರವು ಗಣಕಯಂತ್ರದ ಪೂರ್ವಜರಲ್ಲೊಂದು. ಮುಂದೆ ತಮ್ಮ ಸೂಚಿಯೇ ಗಣಕವನ್ನು ಸೇರೀತೆಂದು ಬಿಲ್ಲಿಂಗ್ಸರು ಎಣಿಸಿರಲಾರರು. ಅವರು 1913ರ ಮಾರ್ಚ್ 11ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡರು.

ಅವರು ಬೆಳೆಸಿದ ಗ್ರಂಥಾಲಯವು 1956ರಲ್ಲಿ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವೆನಿಸಿತು. ಅಲ್ಲಿ 1964ರಲ್ಲಿ ಸೂಚೀಕಾರ್ಯ ಗಣಕಕ್ಕೆ ಏರಿತು. 1997ರಿಂದ ‘ಪಬ್‌ಮೆಡ್’ ಎಂಬ ಹೆಸರಿನಲ್ಲಿ ಅದು ಎಲ್ಲರಿಗೂ ಉಚಿತವಾಗಿ ತೆರೆದಿದೆ. ಇಂದು ಮೂರೂವರೆ ಕೋಟಿಗೂ ಮಿಕ್ಕಿ ಉಲ್ಲೇಖಗಳು ಅದರಲ್ಲಿವೆ. ನಾವು ಹೃದಯಾಘಾತವೆಂಬುದರ ಆಡುಮಾತಿನ ಇಂಗ್ಲಿಷ್ ಪದವನ್ನು ಬರೆದರೂ ಅದು ಶಾಸ್ತ್ರೀಯ ನಾಮವುಳ್ಳ ವಿಷಯಶೀರ್ಷಿಕೆಯತ್ತ ನಮ್ಮನ್ನು ಒಯ್ಯುತ್ತದೆ. ಲೇಖಕನು ಬೇರೆ ಪದ ಬಳಸಿದ್ದರೂ ಲೇಖನ ತಪ್ಪಿಹೋಗುವುದಿಲ್ಲ. ಈ ಶೀರ್ಷಿಕೆಗಳನ್ನು ಹಚ್ಚುವ ಕೆಲಸವನ್ನು 2022ರಿಂದೀಚೆಗೆ ಬಹುಮಟ್ಟಿಗೆ ಯಂತ್ರವೇ ಮಾಡುತ್ತಿದೆ. ಲೇಖನಗಳ ಮಹಾಪೂರದ ಮುಂದೆ ಅದು ಅನಿವಾರ್ಯವಿರಬಹುದು. ಆದರೂ ಪ್ರತಿ ಲೇಖನವನ್ನು ಮನುಷ್ಯನೊಬ್ಬ ಕಣ್ಣಿಟ್ಟು ನೋಡುತ್ತಿದ್ದ ಪದ್ಧತಿ ಹೋದುದು ನನಗೆ ಕೊರತೆಯೆಂದೇ ತೋರುತ್ತದೆ. ಇಂಡೆಕ್ಸ್ ಮೆಡಿಕಸ್ಸಿನ ಮುದ್ರಣವು 2004ರಲ್ಲಿ ನಿಂತಿತು. ಅಷ್ಟರಲ್ಲಿ ಅದರ ಓದುಗರು ಪರದೆಯ ಕಡೆಗೆ ಸರಿದಿದ್ದರು.